ಚಿತ್ರ ಓದೋಣ: ಹತ್ತಡಿ ಅಗಲದ ಒಂದು ಮದುವೆ

ಈ ಸಲ ‘ಚಿತ್ರ ಓದೋಣ’ ಅಂಕಣಕ್ಕೆ ನಾವು ಮೂವರು ಆರಿಸಿಕೊಂಡಿರುವುದು ಒಂದು ಮದುವೆಯ ಚಿತ್ರ. ಮೊದಲೇ ಹೇಳಿಬಿಡ್ತೀವಿ, ನಾವು ಕಲೆ ಓದಿದವರಲ್ಲ. ಇಬ್ಬರು ಎಲೆಕ್ಟ್ರಾನಿಕ್ಸ್, ಒಬ್ಬಳು ಸಿವಿಲ್. ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಚಿತ್ರದಲ್ಲಿರುವ ಬಟ್ಟೆಬರೆಗಳ ಹೆಸರನ್ನು ಕನ್ನಡದಲ್ಲಿ ಹೇಳೋಕೆ ಹೋಗಿ ನಾಲ್ಕು ಸಲ ಮನೆಗೆ ಫೋನ್ ಮಾಡಿದ್ದೇವೆ. ತಪ್ಪಿದ್ದರೆ ತಿದ್ದಿ, ಬೈಯಬೇಡಿ.

ಚಿತ್ರದ ಹೆಸರು ‘ವೇಲ್ಸ್ ರಾಜಕುಮಾರನ ಮದುವೆ, 10 ಮಾರ್ಚ್ 1863’. ಬರೆದವನು ಇಂಗ್ಲೆಂಡಿನ ವಿಲಿಯಂ ಪೊವೆಲ್ ಫ್ರಿತ್ (1819–1909). ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣ. ಎತ್ತರ ಸುಮಾರು 7 ಅಡಿ, ಅಗಲ ಸುಮಾರು 10 ಅಡಿ. ಅಂದರೆ ನಮ್ಮ ಹಾಸ್ಟೆಲ್ ರೂಮಿನ ಒಂದು ಗೋಡೆ ಪೂರ್ತಿ ಮುಚ್ಚಿಹೋಗುತ್ತೆ. ಈಗ ಅದು ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಮದುವೆ ನಡೆದದ್ದು ವಿಂಡ್ಸರ್ ಕೋಟೆಯ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ. ವರ ವಿಕ್ಟೋರಿಯಾ ರಾಣಿಯ ಹಿರಿಮಗ ಎಡ್ವರ್ಡ್, ವಯಸ್ಸು 21. ವಧು ಡೆನ್ಮಾರ್ಕಿನ ಅಲೆಕ್ಸಾಂಡ್ರಾ, 18. ನಮ್ಮ ಜೂನಿಯರ್ ವಯಸ್ಸು! ಇದನ್ನು ಲೆಕ್ಕ ಹಾಕಿದ ಮೇಲೆ ನಮ್ಮಲ್ಲೊಬ್ಬಳು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಮೊದಲ ಸಲ ಲ್ಯಾಪ್‌ಟಾಪಿನಲ್ಲಿ ತೆರೆದಾಗ, ನಿಜ ಹೇಳಬೇಕಂದ್ರೆ, ನಮಗೆ ಬೋರಾಯಿತು. ಎಲ್ಲಿ ನೋಡಿದರೂ ಜನ. ನೂರಕ್ಕೂ ಹೆಚ್ಚು ಮುಖಗಳು, ಎಲ್ಲವೂ ಒಪ್ಪವಾಗಿ ತಲೆ ಬಾಚಿಕೊಂಡಿವೆ. ಬಿಳಿ ಗೌನು, ಗಾರ್ಟರ್ ಪದವಿಯವರ ಕಡುನೀಲಿ ನಿಲುವಂಗಿ, ಕೆಂಪು ಸಮವಸ್ತ್ರ, ಪದಕಗಳು. ರಿಸೆಪ್ಷನ್ ಸ್ಟೇಜಿನ ಮೇಲೆ ಎರಡೂ ಕಡೆಯ ನೆಂಟರನ್ನೆಲ್ಲ ನಿಲ್ಲಿಸಿ ತೆಗೆದ ಗ್ರೂಪ್ ಫೋಟೊ ಥರ. ‘ಇದರಲ್ಲಿ ಓದೋಕೆ ಏನಿದೆ, ಬೇರೆ ಚಿತ್ರ ನೋಡೋಣ’ ಅಂತ ಒಬ್ಬ ಹೇಳಿಯೂ ಬಿಟ್ಟ. ಆಮೇಲೆ ಅವನೇ ಒಂದು ಪ್ರಶ್ನೆ ಎತ್ತಿದ, ಅಲ್ಲಿಂದ ಪಾಠ ಶುರುವಾಯಿತು: 1863ರಲ್ಲಿ ಕ್ಯಾಮೆರಾ ಇತ್ತಲ್ವಾ? ಹಾಗಿದ್ರೆ ಎರಡು ವರ್ಷ ಕೂತು ಯಾಕೆ ಚಿತ್ರ ಬರೆಸಬೇಕು?

ಕ್ಯಾಮೆರಾ ಇತ್ತು. ಆದರೆ ಆಗಿನ ಫೋಟೊ ತೆಗೆಯುತ್ತಿದ್ದದ್ದು ಗಾಜಿನ ತಗಡಿಗೆ ರಾಸಾಯನಿಕ ಸವರಿ, ಅದು ಒಣಗುವ ಮೊದಲೇ ಕ್ಯಾಮೆರಾದೊಳಗಿಟ್ಟು, ಬೆಳಕಿಗೆ ಒಡ್ಡಿ, ಕೂಡಲೇ ತೊಳೆದು. ಒಳ್ಳೆ ಬೆಳಕಿದ್ದರೂ ಕೆಲವು ಸೆಕೆಂಡ್ ಅಲ್ಲಾಡದೆ ಕೂರಬೇಕು. ಕರೆಂಟ್ ಲೈಟಿಲ್ಲ, ಫ್ಲ್ಯಾಶಿಲ್ಲ. ಮಾರ್ಚ್ ತಿಂಗಳ ಇಂಗ್ಲೆಂಡಿನಲ್ಲಿ, ಕಲ್ಲಿನ ಚರ್ಚಿನೊಳಗೆ, ಏಳುತ್ತಾ ಕೂರುತ್ತಾ ಇರುವ ಸುಮಾರು 900 ಜನರನ್ನು ಒಂದೇ ಪ್ಲೇಟಿನಲ್ಲಿ ಹಿಡಿಯುವುದು ಆಗದ ಮಾತು. ಆದ್ದರಿಂದ ಇಡೀ ಮದುವೆಯನ್ನು ಒಂದೇ ನೋಟದಲ್ಲಿ ತೋರಿಸಬೇಕಂದ್ರೆ ಚಿತ್ರಗಾರನೇ ಬೇಕು.

ಇಲ್ಲಿ ನಮಗೆ ಇಷ್ಟವಾದದ್ದು ಕೆಲಸದ ರೀತಿ. ಫ್ರಿತ್ ಆ ದಿನ ಚರ್ಚಿನಲ್ಲೇ ಇದ್ದ. ಆದರೆ ಅಲ್ಲಿ ಕಂಡದ್ದು ನೆನಪಿಗೆ ಮಾತ್ರ. ಆಮೇಲೆ ಒಬ್ಬೊಬ್ಬರನ್ನೇ ಕರೆಸಿ, ಎದುರಿಗೆ ಕೂರಿಸಿ ಮುಖ ಬರೆದುಕೊಳ್ಳಬೇಕು. ಬಾರದವರ ಫೋಟೊ ತರಿಸಿಕೊಳ್ಳಬೇಕು. ಮದುವೆಯ ಬಟ್ಟೆಗಳನ್ನು ಕೇಳಿ ಪಡೆಯಬೇಕು. ಕೆಲವು ದಿನ ವಿಂಡ್ಸರ್ ಕೋಟೆಯೊಳಗೇ ಕ್ಯಾನ್ವಾಸ್ ಇಟ್ಟುಕೊಂಡು ರಾಜಮನೆತನದವರನ್ನು ಬರೆದ. ಯಾರಿಗೆ ಪುರುಸೊತ್ತಿರುತ್ತೋ ಆಗ ಅವರು ಬರುತ್ತಾರೆ, ಒಂದಷ್ಟು ಹೊತ್ತು ಕೂರುತ್ತಾರೆ, ಹೋಗುತ್ತಾರೆ. ಹೀಗೆ ಬಿಡಿಬಿಡಿಯಾಗಿ ಬಂದ ಮುಖಗಳನ್ನು ಒಂದೇ ಬೆಳಕಿನಲ್ಲಿ, ಒಂದೇ ಕೋನದಲ್ಲಿ, ಒಂದೇ ಗಳಿಗೆಯಲ್ಲಿ ಇದ್ದ ಹಾಗೆ ಜೋಡಿಸಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡೇಟಾ ಬೇರೆ ಬೇರೆ ದಿನದ್ದು, ಔಟ್‌ಪುಟ್ ಮಾತ್ರ ಒಂದೇ ದಿನದ್ದು. ಅಂದರೆ ಈ ಚಿತ್ರದಲ್ಲಿ ಕಾಣುವ ಆ ಗಳಿಗೆ ನಿಜವಾಗಿ ಹೀಗೇ ಯಾವತ್ತೂ ಇರಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಫ್ರಿತ್‌ಗೆ ಗುಂಪಿನ ಚಿತ್ರ ಹೊಸದಲ್ಲ. ಸಮುದ್ರ ತೀರದ ಜನ (1854), ಡರ್ಬಿ ಕುದುರೆ ರೇಸಿನ ಜಾತ್ರೆ (1858), ಲಂಡನ್ನಿನ ರೈಲ್ವೆ ಸ್ಟೇಷನ್ (1862) ಬರೆದು ಅವನು ಆಗಲೇ ಹೆಸರು ಮಾಡಿದ್ದ. ಸಮುದ್ರ ತೀರದ ಚಿತ್ರವನ್ನು ಸ್ವತಃ ವಿಕ್ಟೋರಿಯಾ ರಾಣಿ ಕೊಂಡಿದ್ದಳು. ಮದುವೆ ಚಿತ್ರದ ಕೆಲಸ ಬಂದಾಗ ಅವನ ಕೈಯಲ್ಲಿ ಇನ್ನೊಂದು ಒಪ್ಪಂದವಿತ್ತು. ಲಂಡನ್ ಬೀದಿಗಳ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಚಿತ್ರ, 10,000 ಪೌಂಡ್. ರಾಣಿ ಕೊಟ್ಟದ್ದು 3,000. ರಾಣಿ ಕೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ? ಬೀದಿಗಳ ಚಿತ್ರ ಪಕ್ಕಕ್ಕೆ ಹೋಯಿತು, ದೊಡ್ಡ ಕ್ಯಾನ್ವಾಸಿಗೆ ಅದು ಬರಲೇ ಇಲ್ಲ. ನಮ್ಮ ಅಭಿಪ್ರಾಯ ಕೇಳಿದರೆ ಇದು ನಷ್ಟವೇ. ಡರ್ಬಿ ಚಿತ್ರದಲ್ಲಿ ಕಳ್ಳರಿದ್ದಾರೆ, ಜೂಜುಕೋರರಿದ್ದಾರೆ, ದೊಂಬರಾಟದ ಹಸಿದ ಹುಡುಗನೊಬ್ಬ ಯಾರದೋ ಊಟದ ಬುಟ್ಟಿಯನ್ನೇ ನೋಡುತ್ತಾ ನಿಂತಿದ್ದಾನೆ. ಮದುವೆ ಚಿತ್ರದಲ್ಲಿ ಯಾರೂ ಆಕಳಿಸುವುದೂ ಇಲ್ಲ.

ಆಕಳಿಸದೇ ಇರೋದಕ್ಕೂ ಕಾರಣ ಇದೆ. ಇಂಥ ಚಿತ್ರಗಳನ್ನು ಅಕಾಡೆಮಿಕ್ ಚಿತ್ರ ಅಂತಾರೆ. ಲಂಡನ್ನಿನಲ್ಲಿ 1768ರಲ್ಲಿ ರಾಯಲ್ ಅಕಾಡೆಮಿ ಶುರುವಾಯಿತು. ಅಲ್ಲೂ ಯುರೋಪಿನ ಇಂಥ ಬೇರೆ ಅಕಾಡೆಮಿಗಳಲ್ಲೂ ಚಿತ್ರಗಳಿಗೆ ಒಂದು ಮೇಲು ಕೀಳು ಇತ್ತು. ಎಲ್ಲಕ್ಕಿಂತ ಮೇಲೆ ಇತಿಹಾಸ, ಪುರಾಣದ ದೊಡ್ಡ ಚಿತ್ರ. ಅದರ ಕೆಳಗೆ ವ್ಯಕ್ತಿಚಿತ್ರ, ದಿನನಿತ್ಯದ ದೃಶ್ಯ, ಪ್ರಕೃತಿ. ತಳದಲ್ಲಿ ಹಣ್ಣು, ಹೂಜಿ. ಇತಿಹಾಸ ಚಿತ್ರ ಅಂದಮೇಲೆ ಗಾತ್ರ ದೊಡ್ಡದಿರಬೇಕು, ಮೈಕಟ್ಟು ಸರಿಯಾಗಿರಬೇಕು, ಕುಂಚದ ಗೆರೆ ಕಾಣದ ಹಾಗೆ ನುಣುಪಾಗಿರಬೇಕು, ಜನ ಗಂಭೀರವಾಗಿರಬೇಕು. ಫ್ರಿತ್ 1853ರಿಂದ ಅಕಾಡೆಮಿಯ ಪೂರ್ಣ ಸದಸ್ಯ. ದಿನನಿತ್ಯದ ಜನರನ್ನು ಬರೆದು ಗೆದ್ದವನಿಗೆ ಈಗ ತನ್ನ ಕಾಲದ ಒಂದು ಮದುವೆಯನ್ನೇ ಇತಿಹಾಸ ಮಾಡಿಕೊಡು ಅಂತ ಆರ್ಡರ್. ಚಿತ್ರ 1865ರಲ್ಲಿ ಅಕಾಡೆಮಿಯ ಪ್ರದರ್ಶನಕ್ಕೆ ಬಂದಾಗ ಜನ ಎಷ್ಟು ಮುಗಿಬಿದ್ದರೆಂದರೆ ಚಿತ್ರದ ಮುಂದೆ ಕಂಬಿ ಹಾಕಬೇಕಾಯಿತು. ಅದೇ ವರ್ಷ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಮಾನೆಯ ‘ಒಲಿಂಪಿಯಾ’ ನೋಡಿ ಜನ ಸಿಟ್ಟಾಗುತ್ತಿದ್ದರು. ಇವತ್ತು ಯಾವುದಕ್ಕೆ ಹೆಚ್ಚು ಜನ ಸೇರ್ತಾರೆ ಅಂತ ನಾವು ಹೇಳಬೇಕಾಗಿಲ್ಲ.

ಈಗ ಓದೋಣ. ಇಂಥ ಚಿತ್ರದಲ್ಲಿ ಕಣ್ಣು ಮೊದಲು ಹೋಗುವುದು ಬಿಳಿ ಬಣ್ಣಕ್ಕೆ. ವಧುವಿನ ಗೌನು ಬಿಳಿ, ಅವಳ ಜೊತೆಗೆ ಬಂದ ಎಂಟು ಸಖಿಯರೂ ಬಿಳಿ. ಆ ಹುಡುಗಿಯರ ಕೆಲಸ ವಧುವಿನ ಹಿಂದೆ ನೆಲದ ಮೇಲೆ ಹರಿಯುವ ಉದ್ದದ ಸೆರಗನ್ನು ಹಿಡಿದು ಬರುವುದು. (ಸೆರಗು ಅನ್ನೋದು ಸರಿಯಾದ ಪದ ಅಲ್ಲ ಅಂತ ಗೊತ್ತು. ಅಜ್ಜಿಗೆ ಫೋನಿನಲ್ಲಿ ವಿವರಿಸಿದಾಗ ಅವರು ‘ಸೆರಗೇ ತಾನೇ ಅದು’ ಅಂದರು, ಅದನ್ನೇ ಇಟ್ಟುಕೊಂಡಿದ್ದೇವೆ.) ವರ ಸೇನಾಧಿಕಾರಿಯ ಉಡುಪಿನ ಮೇಲೆ ಗಾರ್ಟರ್ ನಿಲುವಂಗಿ ಹಾಕಿಕೊಂಡಿದ್ದಾನೆ. ಮದುವೆ ಮಾಡಿಸುತ್ತಿರುವವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಲಾಂಗ್ಲಿ. ಇಷ್ಟು ನೋಡಿ ‘ಸರಿ, ಮದುವೆ’ ಅಂತ ಮುಂದೆ ಹೋಗಿಬಿಡಬಹುದು. ಹೋಗಬೇಡಿ. ಕಣ್ಣನ್ನು ಮೇಲಕ್ಕೆ, ಬದಿಗೆ ತನ್ನಿ.

ಅಲ್ಲಿ ಮರದ ಕೆತ್ತನೆಯ ಒಂದು ಬಾಲ್ಕನಿ. ಎಂಟನೇ ಹೆನ್ರಿ ತನ್ನ ಮೊದಲ ಹೆಂಡತಿ ಕ್ಯಾಥರೀನಳಿಗಾಗಿ ಮಾಡಿಸಿದ್ದು. ಅದರಲ್ಲಿ ಕಪ್ಪು ಬಟ್ಟೆ, ತಲೆಗೆ ವಿಧವೆಯರ ಬಿಳಿ ಟೋಪಿ ಹಾಕಿಕೊಂಡ ಒಬ್ಬ ಹೆಂಗಸು ಕೆಳಗೆ ನೋಡುತ್ತಿದ್ದಾಳೆ. ಅದು ವಿಕ್ಟೋರಿಯಾ ರಾಣಿ, ವರನ ತಾಯಿ. ಗಂಡ ಆಲ್ಬರ್ಟ್ ತೀರಿಕೊಂಡದ್ದು 1861ರ ಡಿಸೆಂಬರ್ 14ರಂದು. ಹದಿನೈದು ತಿಂಗಳೂ ಆಗಿಲ್ಲ. ಅವಳು ಮದುವೆಯ ಮೆರವಣಿಗೆಯಲ್ಲಿ ಬರಲಿಲ್ಲ, ಕೆಳಗೆ ನೆಂಟರ ನಡುವೆ ಕೂರಲಿಲ್ಲ. ಮೇಲಿನಿಂದ ನೋಡಿದಳು, ಅಷ್ಟೇ. ಆಲ್ಬರ್ಟ್ ರಚಿಸಿದ್ದ ಒಂದು ಪ್ರಾರ್ಥನಾ ಗೀತೆಯನ್ನು ಅವತ್ತು ಹಾಡಿಸಿದರು. ಹಾಡಿದವರಲ್ಲಿ ಆಗಿನ ಪ್ರಖ್ಯಾತ ಗಾಯಕಿ ಜೆನ್ನಿ ಲಿಂಡ್ ಇದ್ದಳು. ಆಗ ರಾಣಿಗೆ ತಡೆದುಕೊಳ್ಳುವುದು ಕಷ್ಟವಾಯಿತು ಅಂತ ಅಲ್ಲಿದ್ದವರು ಬರೆದಿದ್ದಾರೆ. ಅದೇ ಮದುವೆಗೆ ತೆಗೆಸಿದ ಒಂದು ಫೋಟೊ ಕೂಡ ಉಳಿದಿದೆ. ಅದರಲ್ಲಿ ಹೊಸ ಗಂಡ ಹೆಂಡತಿ ಇದ್ದಾರೆ, ರಾಣಿಯೂ ಇದ್ದಾಳೆ. ಆದರೆ ರಾಣಿ ಅವರನ್ನು ನೋಡುತ್ತಿಲ್ಲ. ಆಲ್ಬರ್ಟನ ಅಮೃತಶಿಲೆಯ ಮೂರ್ತಿಯನ್ನು ನೋಡುತ್ತಿದ್ದಾಳೆ.

ಇದನ್ನು ಇನ್ನೊಂದು ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು. ಜಾರ್ಜ್ ಹೇಟರ್ ಎಂಬವನು ಬರೆದ ‘ವಿಕ್ಟೋರಿಯಾ ರಾಣಿಯ ಮದುವೆ, 10 ಫೆಬ್ರವರಿ 1840’. ಮುಗಿದದ್ದು 1842ರಲ್ಲಿ. ಅದೂ ದೊಡ್ಡದೇ, ಹತ್ತಿರ ಹತ್ತಿರ 9 ಅಡಿ ಅಗಲ. ಅದೂ ಚರ್ಚು, ಅದೂ ಆರ್ಚ್‌ಬಿಷಪ್, ಅದೂ ಗುಂಪು. ಅದರಲ್ಲಿ ನಡುವೆ ಬಿಳಿ ಬಟ್ಟೆಯಲ್ಲಿ ಆಲ್ಬರ್ಟನ ಕೈ ಹಿಡಿದು ನಿಂತಿರುವ 20 ವರ್ಷದ ಹುಡುಗಿಯೇ ಇದರಲ್ಲಿ ಮೇಲೆ ಕಪ್ಪು ಬಟ್ಟೆಯಲ್ಲಿ ಕೂತಿರುವವಳು. ನಡುವೆ 23 ವರ್ಷ, ಒಂಬತ್ತು ಮಕ್ಕಳು, ಒಂದು ಸಾವು. ಎರಡೂ ಚಿತ್ರಗಳನ್ನು ಸ್ಕ್ರೀನಿನಲ್ಲಿ ಅಕ್ಕಪಕ್ಕ ಹಾಕಿದ ಮೇಲೆ ನಮಗೆ ಬೋರು ಅನ್ನೋದು ಹೋಯಿತು.

ಇಲ್ಲಿ ಒಂದು ಸ್ವಂತ ವಿಷಯ. ನಮ್ಮಲ್ಲೊಬ್ಬನ ಅಣ್ಣನ ಮದುವೆ ಹೋದ ವರ್ಷ ಆಯಿತು. ಅಪ್ಪ ಇಲ್ಲ. ಧಾರೆ ಎರೆಯುವ ಹೊತ್ತಿಗೆ ಅಮ್ಮ ಮಂಟಪದ ಹತ್ತಿರ ಬರಲಿಲ್ಲ, ಛತ್ರದ ಅಡುಗೆಮನೆ ಬಾಗಿಲಲ್ಲಿ ನಿಂತೇ ನೋಡಿದರು. ಯಾರೂ ಬರಬೇಡಿ ಅಂತ ಹೇಳಿರಲಿಲ್ಲ, ಬನ್ನಿ ಅಂತಲೂ ಹೇಳಲಿಲ್ಲ. ಮದುವೆ ಆಲ್ಬಮ್ಮಿನಲ್ಲಿ ಆ ಹೊತ್ತಿನ ಒಂದು ಫೋಟೊದಲ್ಲೂ ಅವರಿಲ್ಲ. ವಿಕ್ಟೋರಿಯಾ ಕತೆ ಬೇರೆ, ಒಪ್ತೀವಿ. ಅವಳನ್ನು ಯಾರೂ ದೂರ ಇಟ್ಟದ್ದಲ್ಲ, ಆ ಜಾಗ ಅವಳೇ ಆರಿಸಿಕೊಂಡದ್ದು, ಚಿತ್ರಕ್ಕೆ ದುಡ್ಡು ಕೊಟ್ಟವಳೂ ಅವಳೇ. ಆದರೆ ಫ್ರಿತ್ ಆ ಬಾಲ್ಕನಿಯನ್ನು ಬಿಡಲಿಲ್ಲ ನೋಡಿ. ಬೇಕಿದ್ದರೆ ಚೌಕಟ್ಟಿನ ಹೊರಗೆ ಹಾಕಬಹುದಿತ್ತು. ‘ನಮ್ಮ ಫೋಟೊಗ್ರಾಫರ್‌ಗೆ ಇಷ್ಟು ಬುದ್ಧಿ ಇದ್ದಿದ್ರೆ’ ಅಂತ ಅವನು ಅಂದ. ನಾವಿಬ್ಬರೂ ಏನೂ ಹೇಳಲಿಲ್ಲ.

ಇನ್ನು ಕೆಳಗೆ ಬನ್ನಿ. ಸ್ಕಾಟ್ಲೆಂಡಿನ ಕಿಲ್ಟ್ ಉಟ್ಟ ಹುಡುಗರು ಕಾಣುತ್ತಾರೆ. ದೊಡ್ಡವರಿಬ್ಬರು ವರನ ತಮ್ಮಂದಿರು, ಆರ್ಥರ್ ಮತ್ತು ಲಿಯೊಪೋಲ್ಡ್. ಅವರ ಜೊತೆಗಿರುವ ಚಿಕ್ಕವನು ವರನ ಅಕ್ಕನ ಮಗ, ಪ್ರಷ್ಯಾದ ವಿಲ್ಹೆಲ್ಮ್, ನಾಲ್ಕು ವರ್ಷ. ಚಿತ್ರದಲ್ಲಿ ಪಾಪದ ಮಗು. ಆದರೆ ಅವತ್ತು ಅವನು ಸುಮ್ಮನಿರದೆ ಗಲಾಟೆ ಮಾಡಿ, ಹಿಡಿದುಕೊಳ್ಳಲು ಬಂದ ಚಿಕ್ಕ ಮಾವಂದಿರ ಬರಿಗಾಲನ್ನೇ ಕಚ್ಚಿದನಂತೆ! ಫ್ರಿತ್ ಮುಂದೆ 1887ರಲ್ಲಿ ಹೊರಬಂದ ತನ್ನ ಆತ್ಮಕತೆಯಲ್ಲಿ ಈ ಹುಡುಗನ ಬಗ್ಗೆ ಇನ್ನೊಂದು ಪ್ರಸಂಗ ಬರೆದಿದ್ದಾನೆ. ವಿಂಡ್ಸರ್‌ನಲ್ಲಿ ಬರೆಯುತ್ತಿದ್ದಾಗ ಹುಡುಗ ಬಿಡದೆ ಕಾಡುತ್ತಿದ್ದ. ಫ್ರಿತ್ ದೊಡ್ಡ ಕ್ಯಾನ್ವಾಸಿನ ಕೆಳಮೂಲೆಯಲ್ಲಿ ಒಂದಡಿಯಷ್ಟು ಜಾಗ ಕೊಟ್ಟು, ‘ನೀನೂ ಬರಿ’ ಅಂತ ಬಣ್ಣ ಕೊಟ್ಟ. ಸ್ವಲ್ಪ ಹೊತ್ತಿಗೆ ಹುಡುಗನ ಮುಖವೆಲ್ಲ ಬಣ್ಣ. ನೋಡಿಕೊಳ್ಳುತ್ತಿದ್ದಾಕೆ ಹೆದರಿದಳು. ಫ್ರಿತ್ ಟರ್ಪೆಂಟೈನಿನಿಂದ ಒರೆಸಿದ, ಅದು ಮುಖದ ಸಣ್ಣ ಗಾಯಕ್ಕೆ ತಾಗಿ ಉರಿಯಿತು, ಹುಡುಗ ಕಿರುಚಿಕೊಂಡು ಮೇಜಿನ ಕೆಳಗೆ ಸೇರಿಕೊಂಡ. ಈ ಹುಡುಗನೇ 1888ರಲ್ಲಿ ಜರ್ಮನಿಯ ಚಕ್ರವರ್ತಿಯಾದ ಕೈಸರ್ ಎರಡನೇ ವಿಲ್ಹೆಲ್ಮ್. 1914ರ ಯುದ್ಧದ ಪಾಠದಲ್ಲಿ ನಾವೆಲ್ಲ ಮೀಸೆ ತಿರುವಿದ ಫೋಟೊ ನೋಡಿದ್ದೀವಲ್ಲ, ಅವನೇ.

ಆದರೆ ಯುದ್ಧಕ್ಕಾಗಿ 1914ರವರೆಗೂ ಕಾಯಬೇಕಾಗಿಲ್ಲ. ಚಿತ್ರದ ಬಣ್ಣ ಒಣಗುವ ಮೊದಲೇ ಒಂದು ಯುದ್ಧ ಆಗಿಹೋಯಿತು. ನಮಗೆ ಇಡೀ ಚಿತ್ರದಲ್ಲಿ ಅತ್ಯಂತ ಮುಖ್ಯ ಅನ್ನಿಸಿದ್ದು ಇದು.

ಈ ಸಂಬಂಧ ಕುದುರಿಸಿದ್ದು ವರನ ಅಕ್ಕ, ಪ್ರಷ್ಯಾದ ಸೊಸೆ ವಿಕಿ. ತಮ್ಮನಿಗೆ ಹೆಣ್ಣು ನೋಡಿ, 1861ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಸ್ಪೈಯರ್ ಊರಿನ ಚರ್ಚಿನಲ್ಲಿ ಆಕಸ್ಮಿಕ ಎಂಬಂತೆ ಇಬ್ಬರ ಭೇಟಿ ಮಾಡಿಸಿದವಳು ಅವಳೇ. (ದೇವಸ್ಥಾನದಲ್ಲಿ ಹೆಣ್ಣು ನೋಡುವ ಶಾಸ್ತ್ರ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆವು.) ಹುಡುಗಿ ಡೆನ್ಮಾರ್ಕಿನವಳು. ಪ್ರಷ್ಯಾಕ್ಕೂ ಡೆನ್ಮಾರ್ಕಿಗೂ ಶ್ಲೆಸ್‌ವಿಗ್ ಮತ್ತು ಹೋಲ್‌ಸ್ಟೈನ್ ಎಂಬ ಎರಡು ಪ್ರಾಂತ್ಯಗಳ ಜಗಳ ಮೊದಲಿನಿಂದಲೂ ಇತ್ತು. ಮದುವೆ ದಿನ ಎಲ್ಲರೂ ಒಂದೇ ಚರ್ಚಿನಲ್ಲಿ. ವರನ ಪಕ್ಕ ನಿಂತ ಇಬ್ಬರಲ್ಲಿ ಒಬ್ಬ ವಿಕಿಯ ಗಂಡ, ಪ್ರಷ್ಯಾದ ಯುವರಾಜ ಫ್ರೆಡರಿಕ್. ಅದೇ ವರ್ಷ ನವೆಂಬರಿನಲ್ಲಿ ವಧುವಿನ ಅಪ್ಪ ಡೆನ್ಮಾರ್ಕಿನ ರಾಜನಾದ. 1864ರ ಫೆಬ್ರವರಿಯಲ್ಲಿ ಪ್ರಷ್ಯಾ ಮತ್ತು ಆಸ್ಟ್ರಿಯಾ ಸೇರಿ ಡೆನ್ಮಾರ್ಕಿನ ಮೇಲೆ ಯುದ್ಧ ಶುರು ಮಾಡಿದವು. ವರನ ಪಕ್ಕ ನಿಂತಿದ್ದ ಆ ಭಾವ ಪ್ರಷ್ಯಾ ಸೈನ್ಯದ ಜೊತೆ ರಣರಂಗದಲ್ಲಿದ್ದ. ಅಕ್ಟೋಬರ್ ಹೊತ್ತಿಗೆ ಡೆನ್ಮಾರ್ಕ್ ಆ ಪ್ರಾಂತ್ಯಗಳನ್ನು ಕಳೆದುಕೊಂಡಿತ್ತು. ಅಲೆಕ್ಸಾಂಡ್ರಾ ಅದನ್ನು ಜೀವನಪೂರ್ತಿ ಮರೆಯಲಿಲ್ಲ.

ಫ್ರಿತ್ ಮಾತ್ರ ಆಗಲೂ ಲಂಡನ್ನಿನಲ್ಲಿ ಕೂತು 1863ರ ಮಾರ್ಚ್ 10ನ್ನೇ ಬರೆಯುತ್ತಿದ್ದಾನೆ. ಮೊದಲು ಹೇಳಿದ್ದನ್ನು ಈಗ ನೆನಪಿಸಿಕೊಳ್ಳಿ. ಬೀಗರು ಬೀಗರು ಶತ್ರುಗಳಾಗಿದ್ದಾರೆ, ಆದರೆ ಕ್ಯಾನ್ವಾಸಿನ ಮೇಲೆ ಎಲ್ಲರೂ ಇನ್ನೂ ತಲೆ ಬಾಚಿಕೊಂಡು ಹತ್ತಿರ ಹತ್ತಿರ ನಿಂತಿರಬೇಕು. ಮೊದಲು ನಮಗೆ ಬೋರಾದ ಆ ಒಪ್ಪ, ಆ ಗಂಭೀರ ಮುಖಗಳು, ಅದು ಚಿತ್ರಗಾರನಿಗೆ ಬೇರೆ ಬಾರದೆ ಬಂದದ್ದಲ್ಲ. ಡರ್ಬಿ ಬರೆದವನಿಗೆ ಬಾರದೇ ಇರುತ್ತಾ? ‘ನಾವೆಲ್ಲ ಒಂದೇ ಮನೆಯವರು’ ಅಂತ ಯುರೋಪಿನ ರಾಜಮನೆತನಗಳು ಹೇಳಿಕೊಳ್ಳಬೇಕಿತ್ತು, ಅದಕ್ಕೆ ಹತ್ತಡಿ ಗೋಡೆ ಬೇಕಿತ್ತು. 1865ರಲ್ಲಿ ಕಂಬಿ ಹಿಡಿದು ನಿಂತು ನೋಡಿದ ಜನಕ್ಕೆ ಪೇಪರ್ ಓದುವ ಅಭ್ಯಾಸ ಇತ್ತು. ಡೆನ್ಮಾರ್ಕ್ ಸೋತದ್ದು ಅವರಿಗೂ ಗೊತ್ತು.

ಗುಂಪಿನಲ್ಲಿ ಇನ್ನೊಂದು ಮುಖ ಹುಡುಕಿ. ಭಾರತದ ಉಡುಪಿನ ಒಬ್ಬ ಯುವಕ ಸಿಗುತ್ತಾನೆ. ಅವನು ಮಹಾರಾಜ ದುಲೀಪ್ ಸಿಂಗ್, ಪಂಜಾಬಿನ ಕೊನೆಯ ಸಿಖ್ ದೊರೆ. 1849ರಲ್ಲಿ ಹತ್ತು ವರ್ಷದವನಿದ್ದಾಗ ಕಂಪನಿಯವರು ರಾಜ್ಯ ಕಿತ್ತುಕೊಂಡರು, ಕೊಹಿನೂರ್ ವಜ್ರವೂ ಹೋಯಿತು. 1854ರಲ್ಲಿ ಇಂಗ್ಲೆಂಡಿಗೆ ಬಂದ. ರಾಣಿಗೆ ಅವನ ಮೇಲೆ ಅಕ್ಕರೆ. ವಜ್ರ ತೆಗೆದುಕೊಂಡವರ ಮನೆಯ ಮದುವೆಗೆ ಅವನು ಆಭರಣ ಹಾಕಿಕೊಂಡು ಬಂದು ನಿಂತಿದ್ದಾನೆ. ಇದಕ್ಕೆ ಏನನ್ನಬೇಕೋ ನಮಗೆ ತಿಳಿಯಲಿಲ್ಲ.

ಅವನ ಜೊತೆ ನಮ್ಮ ಊರಿನ ಒಂದು ಎಳೆಯೂ ಇದೆ. ಕೊಡಗಿನ ಕೊನೆಯ ಅರಸ ಚಿಕವೀರ ರಾಜೇಂದ್ರನ ಹೆಸರು ಮಾಸ್ತಿಯವರ ಕಾದಂಬರಿಯಿಂದಾಗಿ ಹೆಚ್ಚಿನವರಿಗೆ ಗೊತ್ತು. 1834ರಲ್ಲಿ ಅವನ ರಾಜ್ಯ ಹೋಯಿತು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಅಲ್ಲಿ ಅವಳಿಗೆ ದೀಕ್ಷಾಸ್ನಾನ ಆಯಿತು. ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಇಟ್ಟಳು, ವಿಕ್ಟೋರಿಯಾ ಗೌರಮ್ಮ. ಗೌರಮ್ಮನಿಗೂ ದುಲೀಪ್ ಸಿಂಗನಿಗೂ ಮದುವೆ ಮಾಡಿಸಬೇಕು ಅಂತ ರಾಣಿಗೆ ಆಸೆ ಇತ್ತು. ಅವನು ಒಪ್ಪಲಿಲ್ಲ. ಗೌರಮ್ಮ 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಎಂಬವನನ್ನು ಮದುವೆಯಾದಳು, 1864ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲೇ, ತೀರಿಕೊಂಡಳು. ಅದೇ ವರ್ಷ ದುಲೀಪ್ ಸಿಂಗ್ ಈಜಿಪ್ಟಿನಲ್ಲಿ ಬಾಂಬಾ ಮುಲ್ಲರ್ ಎಂಬ ಹುಡುಗಿಯನ್ನು ಮದುವೆಯಾದ. ಈ ಎರಡೂ ಮದುವೆಗಳಿಗೆ ಹತ್ತಡಿ ಕ್ಯಾನ್ವಾಸ್ ಯಾರೂ ಬರೆಸಲಿಲ್ಲ. ನಮ್ಮ ಸಿವಿಲ್ ಹುಡುಗಿ ಕೊಡಗಿನವಳು. ಅವಳು ಒಂದು ಸಂಜೆ ಪೂರ್ತಿ ಝೂಮ್ ಮಾಡಿ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದಳು. ಗೌರಮ್ಮ ಸಿಗಲಿಲ್ಲ.

ಚಿತ್ರವನ್ನು ಫೋನಿನಲ್ಲಿ ನೋಡಬೇಡಿ, ಏನೂ ಕಾಣುವುದಿಲ್ಲ. ಮುಂದಿನ ಶುಕ್ರವಾರ ಸಂಜೆ ಸೆಮಿನಾರ್ ಹಾಲಿನ ಪ್ರೊಜೆಕ್ಟರ್ ಕೇಳಿದ್ದೇವೆ. ಸಿಕ್ಕಿದರೆ ಹೇಟರ್, ಫ್ರಿತ್ ಎರಡನ್ನೂ ಗೋಡೆಯಷ್ಟು ದೊಡ್ಡದಾಗಿ ಹಾಕ್ತೀವಿ. ಹುಡುಗ ವಿಲ್ಹೆಲ್ಮ್‌ಗೆ ಕೊಟ್ಟ ಆ ಒಂದಡಿ ಜಾಗ ಎಲ್ಲಿ ಅಂತ ಎಲ್ಲರೂ ಸೇರಿ ಹುಡುಕೋಣ. ನಾವು ಎರಡೂ ಕೆಳಮೂಲೆ ನೋಡಿ ಆಗಿದೆ, ಫ್ರಿತ್ ಅದರ ಮೇಲೆ ನುಣುಪಾಗಿ ಬಣ್ಣ ಬಳಿದುಬಿಟ್ಟಿದ್ದಾನೆ.